ಹಿತ್ತಿಲ ಡೆಕ್ಕು ಮತ್ತು ಡೆಹ್ರಾಡೂನಿನ ಪಾಕ

ನ್ಯೂಜೆರ್ಸಿಯ ಈ ಮನೆಯನ್ನು ನಾವು ಕೊಂಡಾಗ ಅದರ ಬೆನ್ನಿಗೆ ಅಂಟಿಕೊಂಡು ಒಂದು ಮರದ ಡೆಕ್ಕೂ ಬಂತು. ಡೆಕ್ ಎಂದರೆ, ನಮ್ಮ ಕುಂದಾಪುರದ ಕಡೆಯ ಜಗಲಿಯನ್ನು ನಾಲ್ಕಡಿ ಮೇಲೆತ್ತಿ, ಮಾಡು ಕಿತ್ತು, ಮನೆಯ ಎದುರಿನಿಂದ ಹಿತ್ತಿಲಿಗೆ ಸಾಗಿಸಿದರೆ ಏನಾಗುತ್ತದೋ ಅದು. ಜಗಲಿಯಲ್ಲಿ ಕೂತವರು ದಾರಿಹೋಕರನ್ನು ಕರೆದು ಮಾತಾಡಿಸುತ್ತಾರೆ. ಡೆಕ್ಕಿನಲ್ಲಿ ಕೂತವರು ದಾರಿಗೆ ಬೆನ್ನು ಹಾಕಿರುತ್ತಾರೆ. ಅಮೆರಿಕದ ಹಳೆಯ ಮನೆಗಳಿಗೂ ಎದುರಿಗೆ ಮಾಡಿರುವ ಪೋರ್ಚ್ ಇತ್ತು. ಎರಡನೇ ಮಹಾಯುದ್ಧದ ನಂತರ ಕಾರು, ಟಿವಿ, ಏರ್ ಕಂಡೀಷನರ್ ಬಂದ ಮೇಲೆ ಕೂರುವ ಜಾಗ ಹಿಂದಕ್ಕೆ ಸರಿಯಿತು. ಆದರೆ ಮಳೆ, ಹಿಮ, ಬಿಸಿಲಿಗೆ ಬೋಳಾಗಿ ಬಿದ್ದಿರುವ ಮರ ಎಷ್ಟು ದಿನ ಬಾಳೀತು? ಅದನ್ನು ಬಾಳಿಸಿದ ಪಾಕ ಎಲ್ಲಿ ಹುಟ್ಟಿತು ಎನ್ನುವುದು ನನಗೆ ಗೊತ್ತಾದದ್ದು ಒಂದು ಶನಿವಾರ, ಸ್ವಲ್ಪ ತಡವಾಗಿ.

ಡೆಕ್ಕು ಬೂದು ಬಣ್ಣಕ್ಕೆ ತಿರುಗಿತ್ತು. ಅಲ್ಲಲ್ಲಿ ಸಿಬಿರೆದ್ದು ಬರಿಗಾಲಿಗೆ ಚುಚ್ಚುತ್ತಿತ್ತು. ಬಣ್ಣದವರನ್ನು ಕರೆದರೆ ಹೇಳಿದ ದರ ಕೇಳಿ, ಇಷ್ಟು ಕೆಲಸ ನಾನೇ ಮಾಡುತ್ತೇನೆ ಎಂದು ಹೊರಟೆ. ಐದು ಗ್ಯಾಲನ್ ಸ್ಟೇನ್, ಎರಡು ಬ್ರಷ್, ಬಾಡಿಗೆಗೆ ಒಂದು ಸ್ಯಾಂಡರ್ ತಂದೆ. ಬೆಳಗಿನಿಂದ ಉಜ್ಜಿದೆ. ಬೂದು ಪದರ ಹೋಗಿ ಒಳಗಿನಿಂದ ತಿಳಿಹಸಿರು ಛಾಯೆಯ ಮರ ಕಾಣಿಸಿಕೊಂಡಾಗ ಖುಷಿಯೇ ಆಯಿತು. ಮೂಗಿಗೆ ಬಟ್ಟೆಯನ್ನೂ ಕಟ್ಟಿರಲಿಲ್ಲ. ನಾಲ್ಕು ವರ್ಷದ ಮಗಳು ಡೆಕ್ಕಿನ ಕೆಳಗಿನ ನೆರಳಲ್ಲಿ ಮಣ್ಣಾಡುತ್ತಿದ್ದಳು. ಹಲಗೆಗಳ ಸಂದಿನಿಂದ ಹುಡಿ ಅವಳ ತಲೆಯ ಮೇಲೆ ಉದುರುತ್ತಿತ್ತು.

ಪಕ್ಕದ ಮನೆಯ ಹಿರಿಯರು ನಿವೃತ್ತ ಬಡಗಿ. ಬೇಲಿಯಾಚೆಯಿಂದ ಕೈ ಬೀಸಿ ಮಿಷನ್ ನಿಲ್ಲಿಸಲು ಹೇಳಿದರು. "ಈ ಮನೆ ಕಟ್ಟಿದ್ದು ಯಾವಾಗ?" ಎಂದು ಕೇಳಿದರು. 1994 ಎಂದೆ. "ಹಾಗಾದರೆ ಮೊದಲು ಮಗುವನ್ನು ಒಳಗೆ ಕಳಿಸಿ. ಆಮೇಲೆ ಮಾತಾಡೋಣ" ಎಂದರು. ಮಗಳನ್ನು ಸ್ನಾನ ಮಾಡಿಸಿ ಬಂದ ಮೇಲೆ ಅವರು ಡೆಕ್ಕಿನ ಅಡಿಗೆ ಬಗ್ಗಿ, ಒಂದು ಅಡಿತೊಲೆಯ ತುದಿಗೆ ಹೊಡೆದಿದ್ದ ಬೆರಳಗಲದ ಪ್ಲಾಸ್ಟಿಕ್ ಚೀಟಿ ತೋರಿಸಿದರು. ಅದರಲ್ಲಿ 'ಸಿಸಿಎ 0.40' ಎಂದಿತ್ತು.

ಸಿಸಿಎ ಎಂದರೆ ಕ್ರೋಮಿಯಂ, ತಾಮ್ರ, ಆರ್ಸೆನಿಕ್. ನಮ್ಮ ಹಿರಿಯರ ಬಾಯಲ್ಲಿ ಪಾಷಾಣ. ಘನ ಅಡಿ ಮರಕ್ಕೆ 0.40 ಪೌಂಡ್ ಪಾಕ ಕುಡಿಸಲಾಗಿದೆ ಎನ್ನುವುದು ಆ ಅಂಕಿಯ ಅರ್ಥ. ಆ ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿದೆ. ಹನ್ನೆರಡು ಅಡಿಯ ಒಂದು ಹಲಗೆ ಅಷ್ಟನ್ನೂ ಪೂರ್ತಿ ಕುಡಿದಿದ್ದರೆ ಅದರೊಳಗೆ ಸುಮಾರು 27 ಗ್ರಾಂ ಆರ್ಸೆನಿಕ್ ಇರುತ್ತದೆ. ನಮ್ಮ ಡೆಕ್ಕಿನಲ್ಲಿ ಅಂಥ ಹಲಗೆಗಳು ನಲವತ್ತರ ಮೇಲಿದ್ದವು.

ಇದನ್ನು ಕಂಡುಹಿಡಿದವರು ಯಾರೆಂದು ಹುಡುಕುತ್ತಾ ಹೋದರೆ ಯಾವುದೋ ಅಮೆರಿಕನ್ ಕಂಪನಿಯ ಹೆಸರು ಸಿಗುತ್ತದೆ ಎಂದುಕೊಂಡಿದ್ದೆ. ಸಿಕ್ಕಿದ್ದು ಸೊಂಟಿ ಕಾಮೇಶನ್ ಎಂಬ ಹೆಸರು, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ವಿಳಾಸ, 1933ರ ಇಸವಿ. ನಮ್ಮ ಹಿತ್ತಿಲ ವಿಷ ನಮ್ಮ ದೇಶದ್ದೇ!

ಡೆಹ್ರಾಡೂನಿಗೆ ಮರ ಬಾಳಿಸುವ ಚಿಂತೆ ಹತ್ತಿದ್ದು ರೈಲಿನಿಂದ. 1853ರಲ್ಲಿ ಮುಂಬಯಿಯಿಂದ ಠಾಣೆಗೆ ರೈಲು ಓಡಿದ ಮೇಲೆ ಹಳಿಗಳು ದೇಶದ ತುಂಬ ಹರಡಿದವು. ಮೈಲಿಯೊಂದಕ್ಕೆ 1,700ಕ್ಕೂ ಹೆಚ್ಚು ಸ್ಲೀಪರ್ ಬೇಕು. ಸಾಗುವಾನಿ, ದೇವದಾರು, ಸಾಲ ಇವು ತಮ್ಮಷ್ಟಕ್ಕೆ ತಾವೇ ಬಾಳುವ ಮರಗಳು. ಆ ಕಾಡುಗಳು ಮೊದಲು ಕರಗಿದವು. 1864ರಲ್ಲಿ ಬ್ರಾಂಡಿಸ್ ಅವರ ಕೈಕೆಳಗೆ ಅರಣ್ಯ ಇಲಾಖೆ ಹುಟ್ಟಿದ ಹಿಂದೆಯೂ ಈ ಆತಂಕವಿತ್ತು. (ಕಾಡಿನ ಮೇಲಿನ ಪ್ರೀತಿಗಿಂತ ಸ್ಲೀಪರ್ ಮುಗಿದೀತೆಂಬ ಭಯವೇ ದೊಡ್ಡದಿತ್ತು ಎಂಬುದು ನನ್ನ ಅನಿಸಿಕೆ.) ಉಳಿದದ್ದು ಪೈನ್‌ನಂಥ ಮೆದು ಮರಗಳು. ಮಣ್ಣು ತಾಗಿದರೆ ಕೆಲವೇ ವರ್ಷಗಳಲ್ಲಿ ಒರಲೆಯ ಪಾಲು.

ಇಂಗ್ಲೆಂಡಿನಲ್ಲಿ ಜಾನ್ ಬೆಥೆಲ್ 1838ರಲ್ಲೇ ಒಂದು ದಾರಿ ಹಿಡಿದಿದ್ದ. ಮರವನ್ನು ಕಬ್ಬಿಣದ ಕೊಳವೆಯೊಳಗೆ ಹಾಕಿ, ಗಾಳಿ ಹೀರಿ ತೆಗೆದು, ಕಲ್ಲಿದ್ದಲಿನ ಡಾಂಬರಿನಿಂದ ಇಳಿಸಿದ ಕ್ರಿಯೋಸೋಟನ್ನು ಒತ್ತಡದಿಂದ ಒಳಗೆ ನುಗ್ಗಿಸುವುದು. ಹಳೆಯ ರೈಲು ನಿಲ್ದಾಣಗಳ ಆ ಗಾಟು ವಾಸನೆ ಅದರದ್ದೇ. ಕ್ರಿಯೋಸೋಟ್ ಮೈಗೆ ಮೆತ್ತುತ್ತದೆ, ಬಿಸಿಲಿಗೆ ಒಸರುತ್ತದೆ. ಮನೆಯ ಹತ್ತಿರ ಹೇಳಿದ್ದಲ್ಲ. ನೀರಲ್ಲಿ ಕರಗುವ ಲವಣಗಳಾದರೆ ಸೋವಿ, ವಾಸನೆಯಿಲ್ಲ. ಆದರೆ ಮೊದಲ ಮಳೆಗೇ ತೊಳೆದು ಹೋಗುತ್ತವೆ.

ತಾಮ್ರಕ್ಕೆ ಶಿಲೀಂಧ್ರ ಹೆದರುತ್ತದೆ ಎನ್ನುವುದು ಅಡಿಕೆ ಬೆಳೆದವರಿಗೆ ಹೇಳಿಕೊಡಬೇಕಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ, ಹೊಡೆಯಲು ಕಲಿಸಿದರು. ಮಳೆ ತೊಳೆದರೆ ಮತ್ತೊಮ್ಮೆ ಹೊಡೆದರಾಯಿತು. ಸ್ಲೀಪರಿಗೂ ಕಂಬಕ್ಕೂ ಹಾಗೆ ವರ್ಷವರ್ಷ ಹೊಡೆಯುವವರು ಯಾರು? ಕಾಮೇಶನ್ ಅವರ ಜಾಣತನ ಇದ್ದದ್ದು ಮೂರನೆಯ ವಸ್ತುವಿನಲ್ಲಿ. ಶಿಲೀಂಧ್ರಕ್ಕೆ ತಾಮ್ರ, ಒರಲೆಗೆ ಆರ್ಸೆನಿಕ್, ಜೊತೆಗೆ ಕ್ರೋಮಿಯಂ. ಕ್ರೋಮಿಯಂ ಮರದೊಳಗೆ ಹೋದ ಮೇಲೆ ರೂಪ ಬದಲಿಸಿ ಉಳಿದೆರಡನ್ನೂ ಕರಗದಂತೆ ಮರಕ್ಕೆ ಬೆಸೆಯುತ್ತದೆ. ಬಟ್ಟೆಗೆ ಬಣ್ಣ ಹಿಡಿಯಲು ಸ್ಫಟಿಕದ ನೀರು ಹಾಕುವುದಿಲ್ಲವೇ, ಆ ಬಗೆಯ ಕೆಲಸ. ಅದಕ್ಕೆ ಅವರು ಇಟ್ಟ ಹೆಸರು 'ಆಸ್ಕು'. ಆರ್ಸೆನಿಕ್ಕಿನ ರಾಸಾಯನಿಕ ಸಂಕೇತ ಮತ್ತು ತಾಮ್ರದ ಸಂಕೇತ ಕೂಡಿಸಿದ್ದು. 1938ರಲ್ಲಿ ಅಮೆರಿಕದ ಪೇಟೆಂಟೂ ಸಿಕ್ಕಿತು. ಕಂಬ, ಬೇಲಿಗೂಟಗಳಿಂದ ಹೊರಟ ಪಾಕ 1970ರ ದಶಕದ ಹೊತ್ತಿಗೆ ಹಿತ್ತಿಲಿಗೆ ಬಂತು. ಅಗ್ಗದ ಪೈನ್ ಮರ ದಶಕಗಟ್ಟಲೆ ಬಾಳತೊಡಗಿತು. ಡೆಕ್ಕುಗಳಷ್ಟೇ ಅಲ್ಲ, ಮಕ್ಕಳ ಜಾರುಬಂಡಿ, ಉಯ್ಯಾಲೆಯ ಚೌಕಟ್ಟು ಎಲ್ಲವೂ ಅದರಲ್ಲೇ ಆದವು.

ಬೆಸುಗೆ ಗಟ್ಟಿಯಾದರೂ ಪೂರ್ತಿ ಅಲ್ಲ. ಆರ್ಸೆನಿಕ್ ಚೂರುಚೂರೇ ಮೇಲ್ಮೈಗೆ ಬರುತ್ತದೆ, ಕೆಳಗಿನ ಮಣ್ಣಿಗೆ ಇಳಿಯುತ್ತದೆ. ಮಕ್ಕಳು ಹಲಗೆ ಮುಟ್ಟಿದ ಕೈಯನ್ನೇ ಬಾಯಿಗಿಡುತ್ತಾರೆ. 2002ರಲ್ಲಿ ಮರದ ಉದ್ಯಮದವರು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೊಂದಿಗೆ ಒಪ್ಪಿ, 2003ರ ಡಿಸೆಂಬರ್ 31ರ ನಂತರ ಮನೆಬಳಕೆಯ ಮರಕ್ಕೆ ಸಿಸಿಎ ಕುಡಿಸುವುದನ್ನು ಬಹುಪಾಲು ನಿಲ್ಲಿಸಿದರು. ಇದ್ದದ್ದನ್ನು ಕೀಳಬೇಕು ಎಂದು ಯಾರೂ ಹೇಳಲಿಲ್ಲ. ಉಜ್ಜಬೇಡಿ, ಸುಡಬೇಡಿ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಒಳಗೆ ಇಳಿಯುವ ಸ್ಟೇನ್ ಬಳಿಯಿರಿ ಎಂದರು. ಇದರಲ್ಲಿ ನಾನು ಮಾಡಬಾರದ ಮೊದಲನೆಯದನ್ನೇ ಅರ್ಧ ದಿನ ಮಾಡಿ ಮುಗಿಸಿದ್ದೆ.

ಕಾಮೇಶನ್ ಅವರನ್ನು ದೂರಲು ಮನಸ್ಸು ಒಪ್ಪಲಿಲ್ಲ. ಅವರು ಕಂಬಕ್ಕೂ ಸ್ಲೀಪರಿಗೂ ಮಾಡಿದ್ದನ್ನು ಜಾರುಬಂಡಿಗೆ ಹಾಕಿದವರು ಬೇರೆ. ಒಂದು ಹಲಗೆ ಮೂವತ್ತು ವರ್ಷ ಬಾಳಿತೆಂದರೆ ಅಷ್ಟು ಮರಗಳು ಕಾಡಿನಲ್ಲೇ ನಿಂತವು ಎನ್ನುವುದೂ ಸುಳ್ಳಲ್ಲ. ಆದರೆ ಮಗಳ ತಲೆಯ ಮೇಲೆ ಉದುರಿದ ಹುಡಿ ಕಣ್ಣಿಗೆ ಕಟ್ಟಿದಾಗ ಈ ನ್ಯಾಯಬುದ್ಧಿ ಅಷ್ಟೇನೂ ಸಮಾಧಾನ ಕೊಡುವುದಿಲ್ಲ. ಮಕ್ಕಳ ವೈದ್ಯರು ಅವಳನ್ನು ನೋಡಿ, ಅರ್ಧ ದಿನಕ್ಕೆ ಅಷ್ಟು ಹೆದರಬೇಕಿಲ್ಲ, ಇನ್ನು ಅಲ್ಲಿ ಆಡಿಸಬೇಡಿ ಎಂದರು.

ಹುಡಿಯನ್ನು ನೀರು ಚಿಮುಕಿಸಿ ಒದ್ದೆ ಮಾಡಿ ಬಳಿದು ಚೀಲಕ್ಕೆ ತುಂಬಿದೆ. ಕೆಳಗಿನ ಮೇಲ್ಮಣ್ಣು ತೆಗೆಸಿ ಜಲ್ಲಿ ಹಾಕಿಸಿದೆ. ಡೆಕ್ಕನ್ನು ಮೆದು ಬ್ರಷ್ಷಿನಿಂದ ತೊಳೆದು ಎರಡು ದಿನ ಒಣಗಲು ಬಿಟ್ಟೆ. ಹಲಗೆಯ ಮೇಲೆ ನೀರಿನ ಹನಿ ಹಾಕಿ ನೋಡಿದೆ, ಕೂಡಲೇ ಇಂಗಿತು. ಅಂದರೆ ಸ್ಟೇನ್ ಹಿಡಿಯುತ್ತದೆ. ಪೇಂಟ್ ಮರದ ಮೇಲೆ ಪೊರೆಯಾಗಿ ಕೂರುತ್ತದೆ, ಮುಂದೆ ಹಪ್ಪಳವಾಗಿ ಏಳುತ್ತದೆ. ಆಗ ಕೆರೆಯಲೇಬೇಕು, ಇಂಥ ಮರವನ್ನು ಕೆರೆಯುವಂತಿಲ್ಲ. ಸ್ಟೇನ್ ಒಳಗಿಳಿಯುತ್ತದೆ, ಎರಡು ವರ್ಷಕ್ಕೆ ಮಾಸುತ್ತದೆ, ಮತ್ತೆ ಬಳಿದರಾಯಿತು. ಬಿಸಿಲು ಜಾರಿದ ಮೇಲೆ, ಒಂದು ಸಲಕ್ಕೆ ಎರಡೇ ಹಲಗೆ, ಈ ತುದಿಯಿಂದ ಆ ತುದಿಗೆ, ಮರದ ಎಳೆ ಹೋದತ್ತಲೇ. ನಡುವೆ ನಿಲ್ಲಿಸಿದರೆ ಗೆರೆ ಬೀಳುತ್ತದೆ. ಕಾಲು ಗಂಟೆಯ ಮೇಲೂ ಮಿರುಗುತ್ತಿದ್ದರೆ ಹೆಚ್ಚಾಗಿದೆ ಎಂದರ್ಥ, ಬಟ್ಟೆಯಲ್ಲಿ ಒರೆಸಬೇಕು. ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬಾರದು. ಅಗಸೆಯಂಥ ಎಣ್ಣೆಗಳು ಒಣಗುವಾಗ ಗಾಳಿಯ ಆಮ್ಲಜನಕ ಹೀರಿ ಕಾಯುತ್ತವೆ, ಮುದ್ದೆ ತಾನಾಗಿ ಹೊತ್ತಿಕೊಂಡ ಉದಾಹರಣೆಗಳಿವೆ. ನಾನು ನೀರಿನ ಡಬ್ಬದಲ್ಲಿ ಮುಳುಗಿಸಿಟ್ಟೆ.

ಕೆಲಸದ ನಡುವೆ ಅಮ್ಮನ ಫೋನ್ ಬಂತು. ವಿಷಯ ಹೇಳಿದೆ. "ಅಲ್ಲಿ ಗೇರೆಣ್ಣೆ ಸಿಕ್ಕುದಿಲ್ಯಾ ಮಗಾ?" ಎಂದಳು. ನಮ್ಮ ಮನೆಯ ಅಟ್ಟದ ಮರಮಟ್ಟಿಗೆ ಅಪ್ಪಯ್ಯ ಬಳಿಯುತ್ತಿದ್ದದ್ದು ಅದನ್ನೇ, ಗೇರುಬೀಜದ ಚಿಪ್ಪಿನ ಎಣ್ಣೆ. ಬ್ರೆಜಿಲಿನಿಂದ ಪೋರ್ಚುಗೀಸರು ತಂದ ಗಿಡದ ಎಣ್ಣೆ ನಮ್ಮ ಕರಾವಳಿಯ ದೋಣಿ, ಪಕಾಸುಗಳನ್ನು ಕಾಪಾಡುತ್ತ ಬಂದಿದೆ. ಅದೂ ಸಾಧುವಲ್ಲ. ಬಳಿದ ವಾರದಲ್ಲಿ ಅಪ್ಪಯ್ಯನ ಮುಂಗೈ ಬೊಬ್ಬೆಯೆದ್ದು ಚರ್ಮ ಸುಲಿದಿರುತ್ತಿತ್ತು. ತೆಂಗಿನೆಣ್ಣೆ ಹಚ್ಚಿಕೊಂಡು ಕೂರುತ್ತಿದ್ದರು. ಆದರೆ ಅದು ಬಳಿದವನ ಕೈಯನ್ನು ಸುಡುತ್ತಿತ್ತು, ಕೆಳಗೆ ಆಡುವ ಮಕ್ಕಳನ್ನಲ್ಲ.

ಒಂದು ಹಲಗೆ ಮಾತ್ರ ತೀರಾ ಸೀಳಿತ್ತು, ಕಿತ್ತು ಬದಲಿಸಿದೆ. ಈಗಿನ ಮರಕ್ಕೆ ಕುಡಿಸುವುದರಲ್ಲಿ ಆರ್ಸೆನಿಕ್ ಇಲ್ಲ, ತಾಮ್ರ ಹೆಚ್ಚು. ಅದು ಸಾಮಾನ್ಯ ಮೊಳೆಯನ್ನು ತಿಂದುಹಾಕುವುದರಿಂದ ದಪ್ಪ ಸತುವಿನ ಲೇಪದ ಮೊಳೆ ಹುಡುಕಬೇಕಾಯಿತು. ಹಳೆಯ ಹಲಗೆ ಗ್ಯಾರೇಜಿನ ಗೋಡೆಗೆ ಒರಗಿ ನಿಂತಿತ್ತು. ಮುಂದಿನ ವಾರ ಅಮ್ಮ ಕೇಳಿದಳು, "ಆ ಹಲಗೆ ಎಂತ ಮಾಡ್ದೆ? ಬಚ್ಚಲೊಲಿಗೆ ಹಾಕುಕೆ ಆತಿಲ್ಯಾ?" ಸುಟ್ಟರೆ ಹೊಗೆಯಲ್ಲೂ ಬೂದಿಯಲ್ಲೂ ಪಾಷಾಣ ಎಂದೆ. "ಹಾಂಗಾರೆ ಹೂತುಬಿಡು" ಎಂದಳು. ಅದೂ ಆಗುವುದಿಲ್ಲ ಎಂದೆ. ಅವಳಿಗೆ ಅದು ಮರ ಎಂದೇ ಅನಿಸಲಿಲ್ಲ. ಶನಿವಾರ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟು ಮಡಚಿ, ಊರಾಚೆಯ ಕಸದ ಕೇಂದ್ರಕ್ಕೆ ಒಯ್ದೆ. ತುದಿಯ ಚೀಟಿಯನ್ನು ಕೀಳದೆ ಹಾಗೇ ಬಿಟ್ಟೆ, ಅಲ್ಲಿ ಎತ್ತಿಡುವವರಿಗೆ ಅದು ಏನೆಂದು ಗೊತ್ತಾಗಲಿ ಎಂದು.