ಸೇನೆಯಿಂದ ಮರಳಿದವರ ಮನೆ: ಕೊಡಗಿನ ಮಾಜಿ ಸೈನಿಕರ ಸಂಘಗಳು

ಕೊಡಗಿನ ಶಾಲೆಯಲ್ಲಿ ಓದಿದ ಯಾರಿಗೂ ಸೇನೆಗೆ ಹೋದವರ ಕಥೆ ಹೊಸದಲ್ಲ. 1899ರಲ್ಲಿ ಶನಿವಾರಸಂತೆಯಲ್ಲಿ ಹುಟ್ಟಿದ ಕೊಡಂದೇರ ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದರು. ಪ್ರತಿಭಾ ಕಾರಂಜಿಯ ಭಾಷಣಗಳಲ್ಲಿ, ಸ್ವಾತಂತ್ರ್ಯ ದಿನಾಚರಣೆಯ ವೇದಿಕೆಯಲ್ಲಿ ಈ ಹೆಸರುಗಳನ್ನು ಹೇಳಿಯೇ ನಾವು ಬೆಳೆದಿದ್ದೇವೆ. ಆದರೆ ಸೇನೆಯಿಂದ ಮರಳಿದವರ ಕಥೆಯನ್ನು ನಾವು ಬರೆದಿಟ್ಟದ್ದು ಕಡಿಮೆ. ಟ್ರಂಕು, ಹೊದಿಕೆ, ಡಿಸ್ಚಾರ್ಜ್ ಬುಕ್ ಹಿಡಿದು ಬಸ್ಸಿನಿಂದ ಇಳಿದ ಸಿಪಾಯಿ, ನಾಯಕ್, ಹವಾಲ್ದಾರರು ಊರಿನಲ್ಲಿ ಮತ್ತೆ ನೆಲೆ ನಿಲ್ಲಲು ನೆರವಾದದ್ದು ಪಟ್ಟಣಗಳ ಮಾಜಿ ಸೈನಿಕರ ಸಂಘಗಳು. ಈ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಅವುಗಳ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿತು.

ಇಂಥ ಸಂಘಗಳು ಏಕೆ ಬೇಕಾದವು ಎಂಬುದಕ್ಕೆ ಎರಡನೇ ಮಹಾಯುದ್ಧದ ಕಾಲಕ್ಕೆ ಹೋಗಬೇಕು. ಯುದ್ಧ ಮುಗಿಯುವ ಹೊತ್ತಿಗೆ ಭಾರತೀಯ ಸೇನೆಯಲ್ಲಿ ಸುಮಾರು 25 ಲಕ್ಷ ಜನರಿದ್ದರು. ಕೊಡಗಿನ ಹೆಸರಿನಲ್ಲೇ ಒಂದು ಪಡೆ 1942ರಲ್ಲಿ ಹುಟ್ಟಿ, 1946ರಲ್ಲಿ ಫಿರಂಗಿ ದಳಕ್ಕೆ ಸೇರಿತು. ಯುದ್ಧಕ್ಕಾಗಿ ಸೇರಿಸಿಕೊಂಡವರಲ್ಲಿ ಬಹುಪಾಲು ಜನರನ್ನು 1945ರ ನಂತರ ಮನೆಗೆ ಕಳುಹಿಸಲಾಯಿತು. ಜವಾನನಿಗೆ ಸೇವಾ ಪಿಂಚಣಿ ಸಿಗಬೇಕಾದರೆ 15 ವರ್ಷದ ಸೇವೆ ಬೇಕು. ನಾಲ್ಕೈದು ವರ್ಷ ಬರ್ಮಾದಲ್ಲೋ ಆಫ್ರಿಕಾದಲ್ಲೋ ದುಡಿದು ಬಂದ ಯುವಕನ ಕೈಗೆ ಒಂದಿಷ್ಟು ಹಣ, ಎರಡು ಪದಕ ಬಂದವೇ ಹೊರತು ತಿಂಗಳ ಪಿಂಚಣಿ ಬರಲಿಲ್ಲ. ಅಂಥವರಿಗೆ ಕೃಷಿಯೋ ಕಾಫಿ ತೋಟದ ಕೆಲಸವೋ ಗತಿಯಾಯಿತು.

ಇವರ ಪಾಡನ್ನು ಚೆನ್ನಾಗಿ ಅರಿತವರು ಕಾರ್ಯಪ್ಪನವರು. 1953ರಲ್ಲಿ ನಿವೃತ್ತರಾದ ಅವರು 1956ರವರೆಗೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗೆ ಭಾರತದ ಹೈಕಮಿಷನರ್ ಆಗಿದ್ದರು. ಆಸ್ಟ್ರೇಲಿಯಾದಲ್ಲಿ 1916ರಿಂದಲೇ ಯುದ್ಧದಿಂದ ಮರಳಿದವರ ಸಂಘಟನೆಯೊಂದಿದ್ದು, ಸಣ್ಣ ಸಣ್ಣ ಊರುಗಳಲ್ಲೂ ಅದರ ಶಾಖೆಗಳಿವೆ. ಕಾರ್ಯಪ್ಪನವರು ಮಡಿಕೇರಿಯ ತಮ್ಮ ಮನೆ ‘ರೋಶನಾರಾ’ದಲ್ಲಿ ನೆಲೆಸಿದ ಮೇಲೂ ಹಳೆಯ ಸೈನಿಕರನ್ನು ಮರೆಯಲಿಲ್ಲ. 1964ರಲ್ಲಿ ‘ಇಂಡಿಯನ್ ಎಕ್ಸ್-ಸರ್ವೀಸಸ್ ಲೀಗ್’ ಎಂಬ ಅಖಿಲ ಭಾರತ ಸಂಘಟನೆಯನ್ನು ಕಟ್ಟಿದರು. ದೇಶದ ಮಾಜಿ ಸೈನಿಕರಿಗೆ ಒಂದು ಸಾಮಾನ್ಯ ದನಿ ಕೊಟ್ಟ ಆ ಸಂಘಟನೆಯ ಸ್ಥಾಪಕರು ನಮ್ಮ ಜಿಲ್ಲೆಯವರು ಎಂಬುದು ನಮ್ಮ ಮಕ್ಕಳಿಗೂ ತಿಳಿದಿರಬೇಕು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಜಿಲ್ಲಾ ಕೇಂದ್ರದಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಸರ್ಕಾರದ್ದು. ಸಂಘವೆಂಬುದು ಸದಸ್ಯರ ಚಂದಾದಿಂದ ನಡೆಯುವಂಥದ್ದು. ಕಚೇರಿಗೆ ಹೋಗಲು ಅರ್ಜಿ ಬೇಕು. ಆ ಅರ್ಜಿ ಬರೆದುಕೊಡುವುದು ಸಂಘ.

ಅರ್ಜಿ ಬರೆಯುವುದೇನು ದೊಡ್ಡ ಕೆಲಸ ಎನ್ನಬಹುದು. ಆದರೆ ಸಂಘದ ನಿಜವಾದ ಇತಿಹಾಸ ಇರುವುದು ಆ ಅರ್ಜಿಗಳಲ್ಲೇ. ಮದ್ರಾಸ್ ರೆಜಿಮೆಂಟಿನವರ ದಾಖಲೆ ವೆಲಿಂಗ್ಟನ್‌ನಲ್ಲಿ, ಫಿರಂಗಿ ದಳದವರದ್ದು ನಾಸಿಕ್‌ನಲ್ಲಿ, ಸಿಗ್ನಲ್ಸ್‌ನವರದ್ದು ಜಬಲ್ಪುರದಲ್ಲಿ, ಇಎಂಇಯವರದ್ದು ಸಿಕಂದರಾಬಾದಿನಲ್ಲಿ. ಗಂಡ ತೀರಿಕೊಂಡ ಮೇಲೆ ಹಳ್ಳಿಯ ಹೆಣ್ಣುಮಗಳೊಬ್ಬಳು ಕುಟುಂಬ ಪಿಂಚಣಿಗಾಗಿ ಈ ರೆಕಾರ್ಡ್ ಆಫೀಸುಗಳಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕು. ಗಂಡ ಸೇವೆಯಲ್ಲಿದ್ದಾಗ ಮದುವೆಯ ವಿವರವನ್ನು ‘ಪಾರ್ಟ್ ಟು ಆರ್ಡರ್’ನಲ್ಲಿ ಸೇರಿಸದೆ ಹೋಗಿದ್ದರೆ ತಾನು ಅವನ ಹೆಂಡತಿ ಎಂಬುದನ್ನೇ ಆಕೆ ಸಾಬೀತು ಮಾಡಬೇಕು.

ನಮ್ಮ ಕಡೆಯ ಹೆಸರುಗಳಿಂದ ಈ ತೊಡಕು ಇನ್ನೂ ಹೆಚ್ಚು. ಕೊಡವರಲ್ಲಿ ಮನೆ ಹೆಸರು ಮೊದಲು, ತಂದೆಯ ಹೆಸರು ನಡುವೆ, ಸ್ವಂತ ಹೆಸರು ಕೊನೆಗೆ. ಮದುವೆಯಾದ ಹೆಣ್ಣಿನ ಮನೆ ಹೆಸರು ಬದಲಾಗುತ್ತದೆ. ಭರ್ತಿಯ ದಿನ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡದ್ದು ಒಂದು, ಬ್ಯಾಂಕಿನಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು. ಫೀಲ್ಡ್ ಮಾರ್ಷಲರ ಹೆಸರನ್ನೇ ಕನ್ನಡದಲ್ಲಿ ಕಾರ್ಯಪ್ಪ, ಕಾರಿಯಪ್ಪ, ಕರಿಯಪ್ಪ ಎಂದು ಬರೆಯುತ್ತಾರೆ. ಸಾಮಾನ್ಯ ಸಿಪಾಯಿಯ ಗತಿಯೇನು? ಎರಡು ಡೇಟಾಬೇಸ್‌ಗಳಲ್ಲಿ ಎರಡು ರೀತಿ ದಾಖಲಾದ ವ್ಯಕ್ತಿ ಒಬ್ಬನೇ ಎಂದು ಕಂಡುಹಿಡಿಯುವುದು ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಇಂದಿಗೂ ಕಷ್ಟದ ಕೆಲಸ. ಸಂಘದ ಹಿರಿಯರು ಅದನ್ನು ಕಂಪ್ಯೂಟರ್ ಇಲ್ಲದೆ ಮಾಡುತ್ತ ಬಂದರು. “ಇವನು ನನ್ನ ಜೊತೆಗಿದ್ದವನು, ಇವಳು ಅವನ ಹೆಂಡತಿ” ಎಂದು ಹೇಳಲು ಅವರಿದ್ದರು. ಆ ಮಾತಿನ ಮೇಲೆ ಅಫಿಡವಿಟ್ ಆಗುತ್ತಿತ್ತು, ಅಫಿಡವಿಟ್ಟಿನ ಮೇಲೆ ಪಿಂಚಣಿ ಬರುತ್ತಿತ್ತು.

ಕಾಲ ಬದಲಾದಂತೆ ಕೆಲಸವೂ ಬದಲಾಯಿತು. 2003ರ ಏಪ್ರಿಲ್‌ನಲ್ಲಿ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಬಂದಾಗ ಕಾರ್ಡಿನ ಅರ್ಜಿ, 2015ರ ನವೆಂಬರಿನಲ್ಲಿ ‘ಸಮಾನ ಹುದ್ದೆಗೆ ಸಮಾನ ಪಿಂಚಣಿ’ ಆದೇಶ ಬಂದಾಗ ಹಳೆಯ ಪಿಂಚಣಿದಾರರ ಬಾಕಿ ಲೆಕ್ಕ, ಈಗ ‘ಸ್ಪರ್ಶ್’ ಪೋರ್ಟಲ್ ಮತ್ತು ಡಿಜಿಟಲ್ ಜೀವನ ಪ್ರಮಾಣ ಪತ್ರ. ಬೆರಳಚ್ಚು ಸವೆದ ಎಂಬತ್ತರ ಅಜ್ಜನಿಗೆ ಯಂತ್ರ “ಹೊಂದಿಕೆಯಾಗುತ್ತಿಲ್ಲ” ಎಂದಾಗ, ಮುಂದೇನು ಮಾಡಬೇಕೆಂದು ಹೇಳಲು ಈಗಲೂ ಒಬ್ಬ ಮನುಷ್ಯ ಬೇಕು.

ಊರಿಗೆ ಸಂಘದಿಂದ ಆದ ಲಾಭ ಪಿಂಚಣಿಯಷ್ಟೇ ಅಲ್ಲ. ಸೇನೆಯಿಂದ ಬಂದವರಲ್ಲಿ ಕೊಡವರು, ಅರೆಭಾಷೆ ಗೌಡರು, ಇನ್ನೂ ಹಲವು ಸಮುದಾಯದವರು ಇದ್ದರು. ಊರಿನಲ್ಲಿ ಬೇರೆ ಬೇರೆ ಪಂಕ್ತಿಯಲ್ಲಿ ಕೂರುತ್ತಿದ್ದ ಕಾಲದಲ್ಲೂ ಲಂಗರಿನಲ್ಲಿ ಒಟ್ಟಿಗೆ ಉಂಡವರು ಅವರು. ಆ ಅಭ್ಯಾಸ ಸಂಘದ ಕೋಣೆಗೂ ಬಂತು. ಅಲ್ಲಿ ಜಾತಿಗಿಂತ ಮೊದಲು ಕೇಳುತ್ತಿದ್ದುದು “ಯಾವ ಯುನಿಟ್?” ಎಂದು. ಊರವರೂ ‘ಸುಬೇದಾರ್ ಮಾವ’, ‘ಹವಾಲ್ದಾರಣ್ಣ’ ಎಂದೇ ಕರೆದರು. ಡಿಸೆಂಬರ್ 7ರ ಧ್ವಜ ದಿನಾಚರಣೆ 1949ರಲ್ಲಿ ಶುರುವಾದದ್ದು. ನಾವು ಹುಡುಗರಾಗಿದ್ದಾಗ ಅಂಗಿಗೆ ಚುಚ್ಚಿಕೊಂಡ ಆ ಸಣ್ಣ ಧ್ವಜದ ಹಣ ಹೋಗುತ್ತಿದ್ದುದು ಇವರ ಮತ್ತು ಹುತಾತ್ಮರ ಕುಟುಂಬಗಳ ಕಲ್ಯಾಣಕ್ಕೆ. ಸದಸ್ಯನೊಬ್ಬ ತೀರಿಕೊಂಡರೆ ಪುಷ್ಪಗುಚ್ಛ ಹಿಡಿದು ನಾಲ್ವರಾದರೂ ಹೋಗುವುದು, ಭರ್ತಿ ರ‍್ಯಾಲಿಗೆ ಹೊರಟ ಹುಡುಗರನ್ನು 1.6 ಕಿ.ಮೀ. ಓಟಕ್ಕೆ ತಯಾರು ಮಾಡುವುದು, ಇವೆಲ್ಲ ಯಾವ ನಿಯಮಾವಳಿಯಲ್ಲೂ ಇಲ್ಲದ ಕೆಲಸಗಳು.

ಈಗ ಈ ಸಂಘಗಳ ಮುಂದೆ ಒಂದು ಹೊಸ ಪ್ರಶ್ನೆಯಿದೆ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇವಾವಧಿ ನಾಲ್ಕು ವರ್ಷ. ಶೇ. 25ರವರೆಗೆ ಮಾತ್ರ ಮುಂದುವರಿಯುತ್ತಾರೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ಪಡೆದು ಮರಳುತ್ತಾರೆ. ಯೋಜನೆಯ ನಿಯಮದಂತೆ ಅವರಿಗೆ ಪಿಂಚಣಿಯಿಲ್ಲ, ಇಸಿಎಚ್‌ಎಸ್ ಇಲ್ಲ, ‘ಮಾಜಿ ಸೈನಿಕ’ ಎಂಬ ಸ್ಥಾನಮಾನವೂ ಇಲ್ಲ. 2022ರ ಕೊನೆ ಹಾಗೂ 2023ರ ಆರಂಭದಲ್ಲಿ ಸೇರಿದ ಮೊದಲ ತಂಡಗಳ ಅವಧಿ 2026-27ರಲ್ಲಿ ಮುಗಿಯುತ್ತದೆ. ಯೋಜನೆಯ ಸಾಧಕ-ಬಾಧಕಗಳನ್ನು ಚರ್ಚಿಸಲು ಇದು ಸ್ಥಳವಲ್ಲ. ಆದರೆ ಇತಿಹಾಸ ಓದಿದವರಿಗೆ 1946ರಲ್ಲಿ ಪಿಂಚಣಿಯಿಲ್ಲದೆ ಊರಿಗಿಳಿದ ಹುಡುಗರು ನೆನಪಾಗದೆ ಇರುವುದಿಲ್ಲ. ಇಪ್ಪತ್ತೆರಡರ, ಇಪ್ಪತ್ತೈದರ ವಯಸ್ಸಿನಲ್ಲಿ ಬರುವ ಇವರನ್ನು ಸರ್ಕಾರಿ ಕಾಗದ ಮಾಜಿ ಸೈನಿಕ ಎನ್ನದಿದ್ದರೂ, ಸಂಘ ತನ್ನ ಸದಸ್ಯ ಎನ್ನಬಹುದಲ್ಲವೇ?

ನನ್ನ ಅಭಿಪ್ರಾಯದಲ್ಲಿ ಅದು ಸಂಘಕ್ಕೂ ಒಳ್ಳೆಯದು. 1965 ಮತ್ತು 1971ರ ಯುದ್ಧ ಕಂಡವರು ಒಬ್ಬೊಬ್ಬರಾಗಿ ಅಗಲುತ್ತಿದ್ದಾರೆ. ಪೋರ್ಟಲ್ ಬಳಸಲು ಬಲ್ಲ ಯುವಕರು ಸಂಘಕ್ಕೆ ಬೇಕು. ಯಾವ ಬಾಗಿಲು ತಟ್ಟಬೇಕೆಂದು ಹೇಳುವ ಹಿರಿಯರು ಆ ಯುವಕರಿಗೆ ಬೇಕು.

ಶಾಲೆಯೂ ಇದರಲ್ಲಿ ಕೈಜೋಡಿಸಬಹುದು. ಹೆಸರು, ಜನ್ಮದಿನಾಂಕದ ತಕರಾರು ಬಂದಾಗ ಎಷ್ಟೋ ಕುಟುಂಬಗಳು ಹುಡುಕಿಕೊಂಡು ಬರುವುದು ಶಾಲೆಯ ದಾಖಲಾತಿ ಪುಸ್ತಕವನ್ನು. ಐವತ್ತು ವರ್ಷಗಳ ಆ ಪುಸ್ತಕಗಳಿಂದ ಸೇನೆಗೆ ಹೋದ ವಿದ್ಯಾರ್ಥಿಗಳ ಪಟ್ಟಿಯೊಂದನ್ನು ಸಂಘದ ಹಿರಿಯರ ಜೊತೆ ಕುಳಿತು ತಯಾರಿಸಿದರೆ, ಅದು ಬರೀ ನೆನಪಿನ ಪಟ್ಟಿಯಾಗದೆ ನಾಳೆ ಒಬ್ಬ ವಿಧವೆಗೆ ಆಧಾರವೂ ಆದೀತು. ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ನಮ್ಮಂಥ ಹಳೆಯ ವಿದ್ಯಾರ್ಥಿಗಳು ಸಂತೋಷದಿಂದ ಮಾಡಿಕೊಡುತ್ತೇವೆ. ಮುಖ್ಯೋಪಾಧ್ಯಾಯರು, ಗುರುವೃಂದ ಹಾಗೂ ಸಂಘದ ಹಿರಿಯರು ಈ ವರ್ಷವೇ ಇದಕ್ಕೆ ಒಂದು ದಿನ ಗೊತ್ತುಮಾಡಬೇಕೆಂದು ವಿನಂತಿ.