ಕೊಪ್ಪಳ ಕೋಟೆ ಬ್ರಿಟಿಷರದಾ? (ಕೋಟೆ ಕಥೆ, ಭಾಗ 3)

ಹೋದ ವಾರ ಕೋಟೆ ಫೋಟೊ ಹಾಕಿದಾಗ ಕ್ಲಾಸ್‌ಮೇಟ್ ಒಬ್ಬ ಕೇಳಿದ: "ಇದು ಬ್ರಿಟಿಷರು ಕಟ್ಟಿಸಿದ್ದಲ್ಲೇನಲೇ?" ನಗು ಬಂತು. ಆದ್ರ ಪ್ರಶ್ನೆ ಚಲೋ ಐತಿ.

ಧಾರವಾಡ, ಬಳ್ಳಾರಿಗೆ ಹೋದ್ರ ಬ್ರಿಟಿಷರ ಕಾಲದ ಕಚೇರಿ, ಚರ್ಚು, ಬಂಗಲೆ ಬೇಕಾದಷ್ಟು ಸಿಗ್ತಾವ. (ಬಂಗಲೆ ಅನ್ನೋ ಶಬ್ದನೂ ಅವರದಲ್ಲ, ಬಂಗಾಳದ್ದು.) ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಾಗ ಅಷ್ಟು ಯಾಕ ಇಲ್ಲ? ಯಾಕಂದ್ರ ಇದು 1948ರ ತನಕ ಹೈದರಾಬಾದ್ ನಿಜಾಮರ ಸೀಮೆ. ಕೊಪ್ಪಳ ಅಂತೂ ಸಾಲಾರ್ ಜಂಗ್ ಮನೆತನದ ಜಹಗೀರು. ರಾಯಚೂರು ದೋಆಬ್ ಬ್ರಿಟಿಷರ ಆಡಳಿತದಲ್ಲಿ ಇದ್ದದ್ದು 1853ರಿಂದ 1860ರವರೆಗೆ, ಏಳೇ ವರ್ಷ.

ಈಗ ಎರಡನೇ ಫೋಟೊ ನೋಡ್ರಿ. ಗೋಡೆಯಿಂದ ಹೊಟ್ಟೆ ಹೊರಗ ಹಾಕಿ ನಿಂತದ್ದು ಬುರುಜು. ಇಂಗ್ಲಿಷಿನಾಗ ಬ್ಯಾಸ್ಟಿಯನ್. ನೆಟ್ಟಗಿನ ಗೋಡೆಯ ಬುಡಕ್ಕೆ ಬಂದು ಅವಿತ ವೈರಿ ಮೇಲಿದ್ದವರ ಕಣ್ಣಿಗೆ ಬೀಳೋದಿಲ್ಲ. ಬುರುಜಿನ ಮ್ಯಾಲೆ ನಿಂತ್ರ ಎರಡೂ ಕಡೆಯ ಬುಡ ಕಾಣ್ತದ, ಅಲ್ಲಿಂದ ಗುಂಡು ಹೊಡೀಬಹುದು. ಗೋಡೆ ತಲೆಮ್ಯಾಲೆ ಹಲ್ಲಿನಂಗ ಎದ್ದದ್ದು ತೆನೆ, ಅದರ ಮರೆಯಲ್ಲಿ ಸಿಪಾಯಿ. ದೊಡ್ಡ ಬಾಗಿಲು ಅಗಸಿ. ನಮ್ಮ ಅಮ್ಮ ಇನ್ನೂ ಹಂಗ ಅಂತಾಳ, ನಾವು ಮಾತ್ರ 'ಮೇನ್ ಗೇಟ್' ಅಂತೀವಿ.

1786ರಲ್ಲಿ ಟಿಪ್ಪು ಈ ಕೋಟೆ ಹಿಡಿದು, ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಮತ್ತೆ ಗಟ್ಟಿ ಮಾಡಿಸಿದ. ಅಂದ್ರ ಯುರೋಪಿನವರ ಕೈ ಇಲ್ಲಿ ಬಿದ್ದದ್ದು ಖರೆ, ಆದ್ರ ಅದು ಬ್ರಿಟಿಷರ ವೈರಿಗಳ ಕೈ! 1790ರಲ್ಲಿ ನಿಜಾಮರ ಮತ್ತು ಬ್ರಿಟಿಷರ ಸೈನ್ಯ ಸೇರಿ ಮುತ್ತಿಗೆ ಹಾಕಿತು. 1791ರ ಏಪ್ರಿಲ್ ತನಕ ಕೋಟೆ ಬಗ್ಗಲಿಲ್ಲ. ಆ ದಂಡಿನಾಗ 21ರ ಹುಡುಗ ಜಾನ್ ಮಾಲ್ಕಮ್ ಇದ್ದ. ಭಾರತದಲ್ಲಿ ತಾನು ಕಂಡದ್ದರಾಗೆಲ್ಲ ಗಟ್ಟಿ ಜಾಗ ಇದೇ ಅಂತ ಅವನೇ ಹೇಳಿದ್ದಾನ.

ಆಮೇಲೆ 1858. ಮುಂಡರಗಿ ಭೀಮರಾಯರು, ಹಮ್ಮಿಗಿ ಕೆಂಚನಗೌಡರು ಇದೇ ಕೋಟೆ ಹೊಕ್ಕು ಬ್ರಿಟಿಷರ ಎದುರು ನಿಂತರು. ಈ ಸಲ ತಿಂಗಳುಗಟ್ಟಲೆ ನಡೀಲಿಲ್ಲ. ಮೇಜರ್ ಹ್ಯೂಸ್‌ನ ದಂಡು ಬಂತು, ಕೋಟೆ ಬಿತ್ತು, ಇಬ್ಬರೂ ಇಲ್ಲೇ ಜೀವ ಬಿಟ್ಟರು. ಅಂಥವರ ಕೋಟೆಯ ಫೋಟೊ ಕೆಳಗ ನಾವೇ 'ಬ್ರಿಟಿಷರ ಕೋಟೆ' ಅಂತ ಬರೆದ್ರ ಹೆಂಗ?

ನಿಮ್ಮೂರ ಅಗಸಿ ಇನ್ನೂ ನಿಂತಿದ್ರ ಫೋಟೊ ಕಳಿಸ್ರಿ, ಮುಂದಿನ ಭಾಗದಾಗ ಹಾಕ್ತೀನಿ.

#ಕೊಪ್ಪಳ #ಕೋಟೆಕಥೆ #ಮುಂಡರಗಿಭೀಮರಾಯ