ಮನೆಯ ನೆಲ ಮತ್ತು ತೇವ: ಬಾಗಲಕೋಟೆ ಸೀಮೆಯ ಹಗೇವು, ಕುಣಿಮಗ್ಗಗಳ ಸಾಕ್ಷ್ಯ

ಅರಸರ ಇತಿಹಾಸಕ್ಕೆ ಶಾಸನಗಳ ಆಧಾರವುಂಟು. ಸಾಮಾನ್ಯರ ಮನೆಗಳಿಗೆ ಅದಿಲ್ಲ. ಅವುಗಳ ಇತಿಹಾಸವನ್ನು ಗೋಡೆ ನೆಲಗಳಿಂದಲೇ ಓದಿಕೊಳ್ಳಬೇಕಾಗುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಹಳೆಯ ಮನೆಗಳಲ್ಲಿ ನೆಲದಡಿಯ ತೇವವನ್ನು ಹತೋಟಿಯಲ್ಲಿರಿಸಿದ ಬಗೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಈ ಸೀಮೆಯ ವಾರ್ಷಿಕ ಮಳೆಯ ಸರಾಸರಿ 600 ಮಿಲಿಮೀಟರಿಗಿಂತ ಕಡಮೆ. ಇಂಥ ಒಣನಾಡಿನಲ್ಲಿ ತೇವದ ಚಿಂತೆಯೇಕೆ? ಉತ್ತರವು ಮಣ್ಣಿನಲ್ಲಿದೆ. ಎರೆಮಣ್ಣು ಮಳೆಗೆ ಉಬ್ಬಿ, ನೀರನ್ನು ಬಹುದಿನ ಹಿಡಿದಿಟ್ಟುಕೊಳ್ಳುತ್ತದೆ. ಆ ನೀರು ಸೂಕ್ಷ್ಮರಂಧ್ರಗಳ ಮೂಲಕ ಗೋಡೆಗೆ ಏರುತ್ತದೆ. ಆದುದರಿಂದ ಮನೆಯನ್ನು ಕಲ್ಲುಕಟ್ಟೆಯ ಮೇಲೆ ಎತ್ತರಿಸುತ್ತಿದ್ದರು. ಬಾದಾಮಿಯಲ್ಲಿ ಬೆಟ್ಟದ ಮರಳುಗಲ್ಲೇ ಇದಕ್ಕೆ ಒದಗಿತು. ಒಳಗೆ ಗರಸು ತುಂಬಿ ಬಡಿದು, ಮಣ್ಣಿನ ನೆಲವನ್ನು ಸೆಗಣಿಯಿಂದ ಸಾರಿಸುತ್ತಿದ್ದರು. ಇಂಥ ನೆಲವು ಕೆಳಗಿನ ತೇವವನ್ನು ಬಂಧಿಸದೆ ಗಾಳಿಗೆ ಬಿಟ್ಟುಕೊಡುತ್ತಿತ್ತು.

ಈ ತಿಳಿವಳಿಕೆಯ ಕಠಿನ ಪರೀಕ್ಷೆಯೆಂದರೆ ಹಗೇವು. ಜೋಳವನ್ನು ವರ್ಷಗಟ್ಟಲೆ ಕಾಪಿಡಲು ಮನೆಯೊಳಗೋ ಅಂಗಳದಲ್ಲೋ ತೋಡುತ್ತಿದ್ದ ಈ ನೆಲಗುಳಿಗೆ ಎರೆಯನ್ನು ಬಿಟ್ಟು, ನೀರು ನಿಲ್ಲದ ಗಟ್ಟಿ ಗರಸುನೆಲವನ್ನು ಆರಿಸುತ್ತಿದ್ದರು. ತಳಕ್ಕೂ ಸುತ್ತಲೂ ಒಣಹುಲ್ಲು ಹೊಟ್ಟುಗಳನ್ನು ಒತ್ತಿ, ಕಾಳು ತುಂಬಿ, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮೆತ್ತುತ್ತಿದ್ದರು. ಅಂಚಿನ ಕಾಳು ಕಪ್ಪಾದರೂ ನಡುವಣ ರಾಶಿ ಉಳಿಯುತ್ತಿತ್ತು. ಕಾಳಿನ ಉಸಿರಾಟದಿಂದ ಒಳಗಿನ ಆಮ್ಲಜನಕ ಕಡಮೆಯಾಗಿ ಹುಳುಗಳು ಸಾಯುತ್ತಿದ್ದವು; ತೆರೆದೊಡನೆ ಇಳಿದ ಮನುಷ್ಯನೂ ಸಾಯುವ ಸಂಭವವಿತ್ತು. ಅದಕ್ಕಾಗಿಯೇ ಮೊದಲು ಗಾಳಿಯಾಡಗೊಟ್ಟು, ದೀಪವಿಳಿಸಿ ನೋಡುವ ರೂಢಿ. 1876-78ರ ಮಹಾಕ್ಷಾಮವನ್ನು ಕಂಡ ಈ ನಾಡಿನಲ್ಲಿ, ಹಗೇವಿಗಿಳಿದ ತೇವವೆಂದರೆ ಮುಂದಿನ ವರ್ಷದ ಅನ್ನಕ್ಕೇ ಬಂದ ಕುತ್ತು.

ಇಳಕಲ್ಲಿನ ನೇಕಾರರ ಮನೆಯಲ್ಲಿ ಈ ಪ್ರಶ್ನೆಯ ಸ್ವರೂಪವೇ ಬೇರೆ. ಕುಣಿಮಗ್ಗದಲ್ಲಿ ನೇಯುವವನು ನೆಲದ ಕುಣಿಯೊಳಗೆ ಕಾಲಿಳಿಸಿ ಕೂಡುತ್ತಾನೆ. ಒಣಗಾಳಿಗೆ ಹತ್ತಿಯ ನೂಲು ಬೇಗ ಹರಿಯುವುದರಿಂದ ನೆಲದ ತಂಪು ನೂಲಿಗೆ ಹಿತ. ಆದರೆ ಮಳೆಗಾಲದಲ್ಲಿ ಕುಣಿಗೆ ನೀರು ಒಸರಿದರೆ ಮಗ್ಗ ನಿಲ್ಲುತ್ತದೆ. ಅದರೊಡನೆ ಅಂದಿನ ಗಳಿಕೆಯೂ ನಿಲ್ಲುತ್ತದೆ. ಹಗೇವಿಗೆ ಬೇಡವಾದ ತೇವ ಮಗ್ಗಕ್ಕೆ ಮಿತವಾಗಿ ಬೇಕು.

ಇದರಿಂದ ಒಂದು ನಿರ್ಣಯಕ್ಕೆ ಬರಬಹುದು. ಹಿಂದಿನವರು ತೇವವನ್ನು ಪೂರ್ಣವಾಗಿ ಹೊರಗಟ್ಟಲು ಹೊರಟವರಲ್ಲ. ಬಳಕೆಗೆ ತಕ್ಕಂತೆ ಅದಕ್ಕೆ ಮಿತಿಯನ್ನೂ ದಾರಿಯನ್ನೂ ಕಲ್ಪಿಸಿದವರು. ಈಗ ಹಳೆಯ ಮಣ್ಣಿನ ಮನೆಗಳಿಗೆ ಸಿಮೆಂಟಿನ ನೆಲ, ಗಿಲಾವು ಹಾಕಿದಾಗ ದಾರಿಗಾಣದ ತೇವವು ಗೋಡೆಯ ಬುಡದಲ್ಲಿ ಸೇರಿ ಮಣ್ಣನ್ನು ಸಡಿಲಿಸುತ್ತದೆ. ಹಗೇವುಗಳು ಬಹುಮಟ್ಟಿಗೆ ಮುಚ್ಚಿಹೋಗಿವೆ. ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಬಾಗಲಕೋಟೆಯ ಒಂದು ಭಾಗವನ್ನೇ ಒಳಗೊಂಡಿದೆ. ಉಳಿದ ಮನೆಗಳ ಕಟ್ಟೆ, ನೆಲ, ಹಗೇವುಗಳನ್ನು ಅಳೆದು ನಕ್ಷೆ ಬರೆದಿಡುವ ಕಾರ್ಯವನ್ನು ಆಯಾ ಊರಿನ ಕಾಲೇಜುಗಳು ಕೈಕೊಳ್ಳುವುದು ಅವಶ್ಯ. ನೆಲವೊಮ್ಮೆ ಮುಚ್ಚಿತೆಂದರೆ ಈ ಇತಿಹಾಸಕ್ಕೆ ಬೇರೆ ಆಕರವಿಲ್ಲ.